ಕೊರೊನಾ ವೈರಸ್ಸೂ ಜೀವಕೋಶದ ಗೊಬ್ಬರಗುಂಡಿಯೂ

2025ರ ಮೇ ತಿಂಗಳ ಕೊನೆ. ಆ ವರ್ಷ ಮಳೆ ಬೇಗ ಹಿಡಿದಿತ್ತು. ಸಾಗರದ ಹತ್ತಿರದ ನಮ್ಮ ಊರಿನಲ್ಲಿ ಗೊಬ್ಬರ ಎತ್ತುವ ಕೆಲಸ ಇನ್ನೂ ಅರ್ಧದಲ್ಲಿತ್ತು. ಚಿಕ್ಕಪ್ಪ ಗುಂಡಿಗೆ ಇಳಿದು ಅಗೆದು ಹೆಡಿಗೆ ತುಂಬುತ್ತಿದ್ದರು, ನಾನು ಮೇಲೆ ನಿಂತು ಎಳೆದುಕೊಳ್ಳುತ್ತಿದ್ದೆ. ಕೊಟ್ಟಿಗೆಗೆ ಹಾಸಿದ ಸೊಪ್ಪು, ಬೆಟ್ಟದಿಂದ ಹೊತ್ತು ತಂದ ದರಕು, ಸಗಣಿ, ಹಳೆಯ ಅಡಿಕೆ ಸಿಪ್ಪೆ ಎಲ್ಲ ಒಂದಾಗಿ ಕಪ್ಪಗೆ, ಮುಟ್ಟಿದರೆ ಬೆಚ್ಚಗೆ ಇತ್ತು. ಸೊಂಟದುದ್ದ ಅಗೆದ ಮೇಲೆ ಗೊಣ್ಣೆಹುಳುಗಳು ಸಿಗತೊಡಗಿದವು. ಹೆಬ್ಬೆರಳಿನಷ್ಟು ದಪ್ಪ, ಬಿಳಿಯ ಮೈ, ಕಂದು ತಲೆ, ಮೈ ಮುದುಡಿಕೊಂಡು ಅರ್ಧಚಂದ್ರದ ಹಾಗೆ ಬಿದ್ದಿದ್ದವು. ಬೆಳೆದರೆ ಇವೇ ಕುರುವಾಯಿ ದುಂಬಿಗಳು, ತೆಂಗಿನ ಸುಳಿ ಕೊರೆದು ಮರವನ್ನೇ ಕೆಡಿಸುವ ಜಾತಿ. ಒಂದೊಂದನ್ನೇ ಆರಿಸಿ ಕೋಳಿಗಳತ್ತ ಎಸೆಯುತ್ತ ಚಿಕ್ಕಪ್ಪ ಹೇಳಿದರು: "ಮರ ಬದುಕಲಿ ಎಂದು ಗುಂಡಿ ಮಾಡುತ್ತೇವೆ. ಮರ ತಿನ್ನುವುದೂ ಇದರಲ್ಲಿಯೇ ಬೆಳೆಯುತ್ತದೆ."

ಅದೇ ವಾರ ದೇಶದಲ್ಲಿ ಕೊರೊನಾ ಪ್ರಕರಣಗಳು ಮತ್ತೆ ಏರುತ್ತಿರುವ ಸುದ್ದಿ ಬರುತ್ತಿತ್ತು. ಎನ್‌ಬಿ.1.8.1, ಎಲ್‌ಎಫ್.7 ಎಂಬ ಹೊಸ ಉಪತಳಿಗಳ ಹೆಸರು ಪತ್ರಿಕೆಯಲ್ಲಿತ್ತು. ಹಳೆಯ ಮೊಬೈಲ್ ಸಂದೇಶಗಳೂ ಅದರೊಂದಿಗೆ ಮತ್ತೆ ಹೊರಟಿದ್ದವು. ಕೈ ತೊಳೆದು ಕಟ್ಟೆಯ ಮೇಲೆ ಕುಳಿತ ಚಿಕ್ಕಪ್ಪ ಅಂಥ ಒಂದನ್ನು ನನಗೆ ತೋರಿಸಿದರು. ಎರಡು ದಿನ ನಿರಾಹಾರ ಇದ್ದರೆ ದೇಹದ ಕೋಶಗಳು ವೈರಸ್ಸನ್ನು ತಾವೇ ತಿಂದು ಮುಗಿಸುತ್ತವೆ, ಇದಕ್ಕೆ ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದಿದೆ, ನಮ್ಮ ಏಕಾದಶಿಯ ರಹಸ್ಯವೂ ಇದೇ ಎಂದು ಅದರಲ್ಲಿತ್ತು. "ಇದು ನಿಜವೇನೋ?" ಎಂದು ಕೇಳಿದರು. ಅವರಿಗೆ ಎಪ್ಪತ್ತು ದಾಟಿದೆ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಹಾಗಾಗಿ ಆ ಪ್ರಶ್ನೆಯನ್ನು ನಕ್ಕು ಬಿಡುವಂತಿರಲಿಲ್ಲ. ಸಂದೇಶದಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಅಪಾಯಕಾರಿಯಾಗಿತ್ತು.

ನಿಜದ ಭಾಗವನ್ನು ಮೊದಲು ನೋಡೋಣ. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಕಸ ಹುಟ್ಟುತ್ತಲೇ ಇರುತ್ತದೆ. ಮುರಿದ ಪ್ರೊಟೀನುಗಳು, ಕೋಶಕ್ಕೆ ಶಕ್ತಿ ಒದಗಿಸಿ ಸವೆದುಹೋದ ಮೈಟೊಕಾಂಡ್ರಿಯ ಎಂಬ ಭಾಗಗಳು, ಕೆಲವೊಮ್ಮೆ ಒಳನುಗ್ಗಿದ ಬ್ಯಾಕ್ಟೀರಿಯ. ಕೋಶ ಇವುಗಳ ಸುತ್ತ ಎರಡು ಪದರಗಳ ಪೊರೆಯೊಂದನ್ನು ನೇಯುತ್ತದೆ. ಪೊರೆ ಸುತ್ತಿ ಚೀಲವಾಗುತ್ತದೆ. ಆ ಚೀಲ ಲೈಸೋಸೋಮ್ ಎಂಬ ಆಮ್ಲಭರಿತ ಕೋಣೆಯೊಂದಿಗೆ ಕೂಡಿಕೊಳ್ಳುತ್ತದೆ, ಅಲ್ಲಿರುವ ಕಿಣ್ವಗಳು ಒಳಗಿನದನ್ನು ಕೊಳೆಸಿ ಬಿಡಿ ಬಿಡಿ ಮಾಡುತ್ತವೆ. ಹಾಗೆ ಸಿಕ್ಕ ಅಮೈನೋ ಆಮ್ಲ, ಕೊಬ್ಬು, ಸಕ್ಕರೆಗಳನ್ನು ಕೋಶ ಮತ್ತೆ ಬಳಸುತ್ತದೆ. ಲೈಸೋಸೋಮನ್ನು ಕಂಡುಹಿಡಿದ ಬೆಲ್ಜಿಯಂನ ಕ್ರಿಶ್ಚಿಯನ್ ದ ಡೂವ್ 1963ರಲ್ಲಿ ಇದನ್ನು ಆಟೋಫೇಜಿ ಎಂದು ಕರೆದರು. ಕನ್ನಡದಲ್ಲಿ ಸ್ವಭಕ್ಷಣೆ ಎಂದು ಬರೆಯುವುದುಂಟು. ಆ ಹೆಸರು ಕೇಳಿದರೆ ಕೋಶ ತನ್ನನ್ನೇ ತಿಂದು ಸಾಯುತ್ತದೆ ಎಂಬ ಭಾವನೆ ಬರುತ್ತದೆ. ನಡೆಯುವುದು ಅದಕ್ಕೆ ತದ್ವಿರುದ್ಧ. ಇದು ಬದುಕಿಕೊಳ್ಳುವ ಉಪಾಯ. ನನಗೆ ಗೊಬ್ಬರಗುಂಡಿ ಎಂಬ ಮಾತೇ ಹೆಚ್ಚು ಸರಿ ಕಾಣುತ್ತದೆ. ಸಂದೇಶದಲ್ಲಿದ್ದ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ 1990ರ ದಶಕದ ಆರಂಭದಲ್ಲಿ ಯೀಸ್ಟ್ ಕೋಶಗಳನ್ನು ಉಪವಾಸ ಕೆಡವಿ ಈ ಕೆಲಸಕ್ಕೆ ಬೇಕಾದ ವಂಶವಾಹಿಗಳನ್ನು ಒಂದೊಂದಾಗಿ ಹುಡುಕಿದರು. 2016ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇದಕ್ಕೇ. ಆಹಾರ ಕಡಿಮೆಯಾದಾಗ ಕೋಶದ ಈ ಮರುಬಳಕೆ ಚುರುಕಾಗುತ್ತದೆ ಎಂಬುದೂ ನಿಜ.

ಹಾಗಿದ್ದರೆ ವೈರಸ್ಸನ್ನೂ ಚೀಲದಲ್ಲಿ ಸುತ್ತಿ ಕೊಳೆಸಬಹುದಲ್ಲ? ಎಷ್ಟೋ ವೈರಸ್‌ಗಳ ವಿಚಾರದಲ್ಲಿ ಕೋಶ ಹಾಗೆ ಮಾಡುತ್ತದೆ. ಕೊರೊನಾ ಕುಟುಂಬದ ವಿಷಯಕ್ಕೆ ಬಂದಾಗ ಕಥೆ ಬೇರೆ. ಅದು ಗೊಣ್ಣೆಹುಳುವಿನ ಕಥೆ.

ಕೊರೊನಾ ವೈರಸ್ಸಿನ ಆಸ್ತಿ ಎಂದರೆ ಸುಮಾರು 30,000 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ, ಅದರ ವಂಶವಾಹಿಗಳೆಲ್ಲ ಇರುವುದು ಅದರಲ್ಲೇ. ಕೋಶದೊಳಗೆ ಬಂದ ಮೇಲೆ ಅದರ ನಕಲು ತೆಗೆಯಬೇಕು. ಆದರೆ ಬಯಲಿನಲ್ಲಿ ನಕಲು ತೆಗೆದರೆ ಕೋಶದ ಕಾವಲುಗಾರ ಪ್ರೊಟೀನುಗಳು ಗುರುತು ಹಿಡಿದು ಕೂಗೆಬ್ಬಿಸುತ್ತವೆ. ಅದಕ್ಕಾಗಿ ವೈರಸ್ ಕೋಶದ ಒಳಪೊರೆಗಳನ್ನು ಎಳೆದು, ಮಡಚಿ, ಎರಡು ಪದರಗಳ ಪುಟ್ಟ ಗುಳ್ಳೆಗಳನ್ನು ಮಾಡಿಕೊಂಡು ಅದರೊಳಗೆ ಅವಿತು ಕೆಲಸ ಮಾಡುತ್ತದೆ. ಎರಡು ಪದರಗಳ ಪೊರೆ ಎಂದಾಗ ಮೇಲೆ ಹೇಳಿದ ಕಸದ ಚೀಲ ನೆನಪಾಗಬೇಕು. ವಿಜ್ಞಾನಿಗಳಿಗೂ ಹಾಗೆಯೇ ಆಯಿತು. 2004ರಲ್ಲಿ ಇಲಿಗಳ ಕೊರೊನಾ ವೈರಸ್ಸಿನ ಮೇಲೆ ಕೆಲಸ ಮಾಡಿದ ತಂಡವೊಂದು, ಆಟೋಫೇಜಿಗೆ ಬೇಕಾದ ಎಟಿಜಿ5 ಎಂಬ ವಂಶವಾಹಿ ಇಲ್ಲದ ಕೋಶಗಳಲ್ಲಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ ಎಂದು ಬರೆಯಿತು. 2007ರಲ್ಲಿ ಇನ್ನೊಂದು ತಂಡ ಬೇರೆ ಕೋಶಗಳಲ್ಲಿ ಅದೇ ಪ್ರಯೋಗ ಮಾಡಿ, ಎಟಿಜಿ5 ಇಲ್ಲದೆಯೂ ಚೆನ್ನಾಗಿಯೇ ಬೆಳೆಯುತ್ತದೆ ಎಂದಿತು. 2010ರಲ್ಲಿ ಮೂರನೆಯ ತಂಡ ಎರಡಕ್ಕೂ ಅರ್ಥ ಕೊಡುವಂಥ ಉತ್ತರ ಕೊಟ್ಟಿತು: ವೈರಸ್ ಇಡೀ ಆಟೋಫೇಜಿಯನ್ನು ಬಳಸುವುದಿಲ್ಲ, ಅದರ ಸಾಮಾನುಗಳಲ್ಲಿ ತನಗೆ ಬೇಕಾದ ಒಂದೆರಡನ್ನು ಮಾತ್ರ ಎತ್ತಿಕೊಳ್ಳುತ್ತದೆ. ಎಲ್‌ಸಿ3 ಎಂಬ ಪ್ರೊಟೀನು ಸಾಮಾನ್ಯವಾಗಿ ಕೊಬ್ಬಿನ ಬಾಲ ಅಂಟಿಸಿಕೊಂಡು ಕಸದ ಚೀಲಕ್ಕೆ ಹೋಗುತ್ತದೆ. ಬಾಲವಿಲ್ಲದ ಎಲ್‌ಸಿ3 ವೈರಸ್ಸಿನ ಗುಳ್ಳೆಗಳ ಮೇಲೆ ಮೆತ್ತಿಕೊಂಡಿತ್ತು. ಆರು ವರ್ಷಗಳ ಈ ವಾಗ್ವಾದ ನನಗೆ ತುಂಬ ಇಷ್ಟ. ಯಾರೂ ಸುಳ್ಳು ಹೇಳಿರಲಿಲ್ಲ, ಎಲ್ಲರೂ ನೋಡಿದ ಕೋಶ ಬೇರೆ ಬೇರೆಯಾಗಿತ್ತು.

ಆ ಗುಳ್ಳೆ ಪೂರ್ತಿ ಮುಚ್ಚಿದ್ದರೆ ಒಳಗೆ ತಯಾರಾದ ಆರ್‌ಎನ್‌ಎ ಹೊರಗೆ ಬರುವುದು ಹೇಗೆ ಎಂಬ ಒಗಟು ಬಹಳ ದಿನ ಉಳಿದಿತ್ತು. 2020ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದ ಸಂಶೋಧಕರು ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಗಳ ಕೊರೊನಾ ವೈರಸ್ಸಿನ ಗುಳ್ಳೆಗಳನ್ನು ನೋಡಿದಾಗ, ಎರಡೂ ಪದರಗಳನ್ನು ತೂರಿಕೊಂಡು ನಿಂತ ಆರು ಎಸಳಿನ ಕಿರೀಟದಂಥ ರಂಧ್ರ ಕಂಡಿತು. ವೈರಸ್ ತನ್ನದೇ ಪ್ರೊಟೀನಿನಿಂದ ಕಟ್ಟಿಕೊಂಡ ಬಾಗಿಲು ಅದು.

ಈ ಗುಳ್ಳೆ ಕಟ್ಟಲು ಕೋಶದ ಕಡೆಯಿಂದ ಬೇಕಾದ ಒಂದು ಪ್ರೊಟೀನಿನ ಬಗ್ಗೆ ಮಲೆನಾಡಿನವರು ಕಿವಿಗೊಡಬೇಕು. ಅದರ ಹೆಸರು ಟಿಎಂಇಎಂ41ಬಿ. 2018ರಲ್ಲಿ ಅದನ್ನು ಗುರುತಿಸಿದ್ದು ಆಟೋಫೇಜಿಗೆ ಬೇಕಾದದ್ದೆಂದು. ಎರಡು ವರ್ಷಗಳ ನಂತರ, ವಂಶವಾಹಿಗಳನ್ನು ಒಂದೊಂದಾಗಿ ಕತ್ತರಿಸಿ ನೋಡುವ ಪ್ರಯೋಗಗಳಲ್ಲಿ, ಇದು ಇಲ್ಲದ ಕೋಶದಲ್ಲಿ ಕೊರೊನಾ ವೈರಸ್‌ಗಳು ಬೆಳೆಯಲಾರವು ಎಂದು ಗೊತ್ತಾಯಿತು. ಡೆಂಗ್ಯೂ, ಝಿಕಾ, ಹಳದಿ ಜ್ವರ ಇತ್ಯಾದಿ ಫ್ಲೇವಿವೈರಸ್‌ಗಳೂ ಇದರ ಮೇಲೆಯೇ ನಿಂತಿವೆ ಎಂದೂ ಅದೇ ಸಮಯದಲ್ಲಿ ತಿಳಿಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, 2019ರಲ್ಲಿ ನಮ್ಮ ಸಾಗರದ ಅರಳಗೋಡನ್ನು ನಡುಗಿಸಿದ ಮಂಗನ ಕಾಯಿಲೆಯ ವೈರಸ್ಸೂ ಫ್ಲೇವಿವೈರಸ್ ಕುಟುಂಬದ್ದೇ. ಉಣುಗಿನಿಂದ ಬರುವ ಕಾಡಿನ ರೋಗ, ವಿಮಾನದಲ್ಲಿ ಬಂದ ಊರೂರಿನ ರೋಗ, ಎರಡರ ಕುಟುಂಬಗಳೂ ಜೀವಕೋಶದ ಕಸ ವಿಲೇವಾರಿಯ ಒಂದೇ ಸಾಮಾನಿಗೆ ಕೈಹಾಕುತ್ತವೆ. ಶಿವಮೊಗ್ಗದಲ್ಲಿ ಕುಳಿತು ಕೊರೊನಾದ ಮೂಲ ವಿಜ್ಞಾನ ಓದುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಗುಳ್ಳೆ ಕಟ್ಟುವುದಕ್ಕೆ ಸಾಮಾನು ಕದ್ದ ಮೇಲೆ ವೈರಸ್ ಇನ್ನೊಂದು ಕೆಲಸ ಮಾಡುತ್ತದೆ. ಕಸದ ಚೀಲ ಲೈಸೋಸೋಮ್ ಜೊತೆ ಕೂಡದಂತೆ ತಡೆಯುತ್ತದೆ. ಕೋವಿಡ್ ವೈರಸ್ಸಿನ ಓಆರ್‌ಎಫ್3ಎ ಎಂಬ ಪ್ರೊಟೀನು, ಚೀಲವನ್ನೂ ಲೈಸೋಸೋಮನ್ನೂ ಹತ್ತಿರ ಎಳೆದು ಕಟ್ಟುವ ಕೊಂಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು 2021ರಲ್ಲಿ ಎರಡು ತಂಡಗಳು ತೋರಿಸಿದವು. ಚೀಲಗಳು ತುಂಬುತ್ತವೆ, ಖಾಲಿಯಾಗುವುದಿಲ್ಲ. ಅದಕ್ಕೂ ಮೊದಲು, 2020ರ ಕೊನೆಯಲ್ಲಿ, ಹೊಸದಾಗಿ ತಯಾರಾದ ವೈರಸ್ ಕಣಗಳು ಕೋಶದಿಂದ ಹೊರಗೆ ಹೋಗುವ ದಾರಿಯೇ ಲೈಸೋಸೋಮ್ ಎಂದು ಅಮೆರಿಕದ ಸಂಶೋಧಕರು ಕಂಡುಕೊಂಡಿದ್ದರು. ಆಮ್ಲ ಕಡಿಮೆಯಾದ, ಕಿಣ್ವಗಳು ಸಪ್ಪೆಯಾದ ಲೈಸೋಸೋಮಿನಲ್ಲಿ ಕುಳಿತು, ಅದು ಕೋಶದ ಅಂಚಿಗೆ ಬಂದು ತೆರೆದಾಗ ಹೊರಗೆ ಜಿಗಿಯುತ್ತವೆ. ಕೊಳೆಸಬೇಕಾದ ಗುಂಡಿಯೇ ಸಾಗಣೆಯ ಗಾಡಿಯಾಯಿತು. ಆದ್ದರಿಂದ ಆಟೋಫೇಜಿ ಹೆಚ್ಚಾದರೆ ಒಳ್ಳೆಯದೇ ಕೆಟ್ಟದ್ದೇ ಎಂದು ಕೇಳಿದರೆ, ಯಾವ ಹಂತ ಎಂದು ಮರಳಿ ಕೇಳಬೇಕಾಗುತ್ತದೆ. ಚೀಲ ನೇಯುವ ಹಂತ ಹೆಚ್ಚಾದರೆ ವೈರಸ್ಸಿಗೆ ಸಾಮಾನು ಸಿಗಬಹುದು. ಕೊಳೆಸುವ ಹಂತ ಪೂರ್ತಿಯಾದರೆ ನಮಗೆ ಲಾಭ.

ಇನ್ನು ವಂಶವಾಹಿಗಳ ಕಡೆಗೆ ಬರೋಣ. ನಮ್ಮ ಮೂಗಿನ ಕೋಶ, ಶ್ವಾಸಕೋಶದ ಕೋಶ, ಪಿತ್ತಜನಕಾಂಗದ ಕೋಶ ಎಲ್ಲದರಲ್ಲೂ ಇರುವುದು ಒಂದೇ ಡಿಎನ್‌ಎ, ಅದರಲ್ಲಿ ಪ್ರೊಟೀನು ತಯಾರಿಸುವ ಸುಮಾರು 20,000 ವಂಶವಾಹಿಗಳು. ಆದರೂ ಕೋಶಗಳು ಬೇರೆ ಬೇರೆಯಾಗಿ ನಡೆದುಕೊಳ್ಳುವುದು ಯಾವ ವಂಶವಾಹಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಿಂದ. ಭದ್ರಾ ನಾಲೆಯ ಕೆಳಗೆ ಗದ್ದೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಣೆಕಟ್ಟೆಯ ನೀರು ಎಲ್ಲರಿಗೂ ಒಂದೇ, ಬೆಳೆ ನಿಲ್ಲುವುದು ಯಾವ ತೂಬನ್ನು ಯಾವ ದಿನ ಎಷ್ಟು ಎತ್ತಿದರು ಎಂಬುದರ ಮೇಲೆ. ವಂಶವಾಹಿಗಳಿಗೂ ತೂಬುಗಳಿವೆ. ಕೆಲವು ವಂಶವಾಹಿಯ ಪಕ್ಕದಲ್ಲೇ, ಕೆಲವು ಬಹಳ ದೂರದಲ್ಲಿ.

ವೈರಸ್ ಕೋಶಕ್ಕೆ ಅಂಟಿಕೊಳ್ಳುವುದು ಎಸಿಇ-2 ಎಂಬ ಪ್ರೊಟೀನಿಗೆ. ಮೂಗಿನ ಒಳಪದರದಲ್ಲಿ ಈ ವಂಶವಾಹಿಯ ತೂಬು ಹೆಚ್ಚು ತೆರೆದಿರುತ್ತದೆ, ಶ್ವಾಸನಾಳದಲ್ಲಿ ಕೆಳಗಿಳಿದಂತೆ ಕಡಿಮೆಯಾಗುತ್ತ ಹೋಗುತ್ತದೆ. ಸೋಂಕು ಮೊದಲು ಮೂಗಿನಲ್ಲಿ ಬೇರೂರುವುದಕ್ಕೆ ಇದೂ ಒಂದು ಕಾರಣ. 4ರಿಂದ 60 ವರ್ಷದ 305 ಜನರ ಮೂಗಿನ ಮಾದರಿಗಳನ್ನು ನೋಡಿದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಎಸಿಇ-2 ಅತಿ ಕಡಿಮೆ ಇತ್ತು. ಅಂಟಿಕೊಂಡ ಮೇಲೆ ವೈರಸ್ಸಿನ ಮುಳ್ಳು ಪ್ರೊಟೀನನ್ನು ಕತ್ತರಿಸುವ ಕತ್ತರಿ ಬೇಕು. ಆ ಕತ್ತರಿಯ ಹೆಸರು ಟಿಎಂಪಿಆರ್‌ಎಸ್‌ಎಸ್-2. ಕೋಶದ ಹೊರಮೈಯಲ್ಲಿ ಈ ಕತ್ತರಿ ಸಿಕ್ಕರೆ ವೈರಸ್ ಬಾಗಿಲಲ್ಲೇ ಒಳಗೆ ಸೇರುತ್ತದೆ. ಸಿಗದಿದ್ದರೆ ಹಿತ್ತಿಲ ದಾರಿ ಇದೆ: ಕೋಶ ಅದನ್ನು ಒಂದು ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ, ಅಲ್ಲಿನ ಆಮ್ಲ ಮತ್ತು ಕಿಣ್ವಗಳ ನೆರವಿನಿಂದ ಮುಳ್ಳು ಕತ್ತರಿಸಿಕೊಳ್ಳುತ್ತದೆ.

ಇಷ್ಟು ತಿಳಿದುಕೊಂಡರೆ 2020ರ ಒಂದು ದೊಡ್ಡ ಗೊಂದಲ ಬಿಡಿಸಿಕೊಳ್ಳುತ್ತದೆ. ಆ ವರ್ಷದ ಮಾರ್ಚಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಹೆಸರು ಮನೆಮಾತಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಅದನ್ನು ಸೂಚಿಸಿತ್ತು. ಅದನ್ನು ಕೇಳಿ ಬೇಡದವರೂ ಡಬ್ಬಿಗಟ್ಟಲೆ ಕೊಂಡರು. ನಮ್ಮ ಪಕ್ಕದ ಮನೆಯ ಅತ್ತಿಗೆ ವರ್ಷಗಳಿಂದ ಕೀಲುವಾತಕ್ಕೆ ಅದೇ ಮಾತ್ರೆ ನುಂಗುತ್ತಿದ್ದವರು. ಏಪ್ರಿಲ್ ತಿಂಗಳಲ್ಲಿ ನಾಲ್ಕು ಔಷಧ ಅಂಗಡಿ ಅಲೆದರೂ ಅವರಿಗೆ ಒಂದು ಪಟ್ಟಿ ಸಿಗಲಿಲ್ಲ. ಬೆಳಿಗ್ಗೆ ಬೆರಳು ಮಡಚಲಾಗದೆ, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಅಡುಗೆಮನೆಯಲ್ಲಿ ಕುಳಿತಿರುತ್ತಿದ್ದರು. ಅದು ನನ್ನ ಕಣ್ಣಿಗೆ ಕಟ್ಟಿದೆ.

ಮಾತ್ರೆಯ ಮೇಲೆ ಅಷ್ಟು ಭರವಸೆ ಬಂದದ್ದು ಪ್ರಯೋಗಾಲಯದ ಬಟ್ಟಲುಗಳಿಂದ. ಅಲ್ಲಿ ಬಳಸಿದ್ದು ವೀರೋ ಎಂಬ ಕೋಶಗಳು, ಆಫ್ರಿಕದ ಹಸಿರು ಮಂಗದ ಮೂತ್ರಪಿಂಡದಿಂದ ಬಂದವು. ಕ್ಲೋರೋಕ್ವಿನ್ ಜಾತಿಯ ಔಷಧಗಳು ಕೋಶದ ಚೀಲಗಳ ಆಮ್ಲ ಇಳಿಸುತ್ತವೆ. ವೀರೋ ಕೋಶದಲ್ಲಿ ಟಿಎಂಪಿಆರ್‌ಎಸ್‌ಎಸ್-2 ಕತ್ತರಿ ಇಲ್ಲ, ಹಾಗಾಗಿ ವೈರಸ್ಸಿಗೆ ಹಿತ್ತಿಲ ದಾರಿಯೊಂದೇ ಗತಿ. ಆಮ್ಲ ಇಳಿದರೆ ಆ ದಾರಿ ಮುಚ್ಚುತ್ತದೆ. ಬಟ್ಟಲಿನಲ್ಲಿ ಔಷಧ ಗೆದ್ದಿತು. ಮನುಷ್ಯನ ಶ್ವಾಸಕೋಶದ ಕೋಶದಲ್ಲಿ ಆ ಕತ್ತರಿಯ ವಂಶವಾಹಿ ತೆರೆದಿದೆ, ಮುಂಬಾಗಿಲು ಹಾಕಿಲ್ಲ. 2020ರ ಜುಲೈನಲ್ಲಿ ಜರ್ಮನಿಯ ಗಟ್ಟಿಂಗೆನ್‌ನ ವಿಜ್ಞಾನಿಗಳು ಶ್ವಾಸಕೋಶದ ಕೋಶಗಳಲ್ಲಿ ಕ್ಲೋರೋಕ್ವಿನ್ ವೈರಸ್ಸನ್ನು ತಡೆಯುವುದಿಲ್ಲ ಎಂದು ತೋರಿಸಿದರು. ಅದಕ್ಕೆ ಒಂದು ತಿಂಗಳ ಮೊದಲೇ ಕೋವಿಡ್ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಎಂಬ ಪ್ರಯೋಗ ಆಸ್ಪತ್ರೆಗಳಲ್ಲಿ ಉತ್ತರ ಕೊಟ್ಟಿತ್ತು: ಮಾತ್ರೆ ಪಡೆದ 1,561 ರೋಗಿಗಳಲ್ಲಿ 28 ದಿನಗಳೊಳಗೆ ಶೇ 27ರಷ್ಟು, ಪಡೆಯದವರಲ್ಲಿ ಶೇ 25ರಷ್ಟು ಮಂದಿ ತೀರಿಕೊಂಡಿದ್ದರು. ಲಾಭವಿಲ್ಲ. ಮಂಗದ ಮೂತ್ರಪಿಂಡದಲ್ಲಿ ಮುಚ್ಚಿದ ಒಂದು ವಂಶವಾಹಿ, ಮನುಷ್ಯನ ಶ್ವಾಸಕೋಶದಲ್ಲಿ ತೆರೆದ ಅದೇ ವಂಶವಾಹಿ. ಬಟ್ಟಲಿನ ಗೆಲುವಿಗೂ ಆಸ್ಪತ್ರೆಯ ಸೋಲಿಗೂ ನಡುವಿನ ಅಂತರವನ್ನು ಬಹುಮಟ್ಟಿಗೆ ಇದು ವಿವರಿಸುತ್ತದೆ.

ಮುಂದೆ ಓಮಿಕ್ರಾನ್ ಬಂದಾಗ ತಿರುವು ಬೇರೆಯಾಯಿತು. ಅದು ಕತ್ತರಿಯನ್ನು ಅಷ್ಟಾಗಿ ನೆಚ್ಚದೆ ಹಿತ್ತಿಲ ದಾರಿಯನ್ನು ಹೆಚ್ಚು ಹಿಡಿಯಿತು. ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಬೇಗ ಹರಡಿತು, ಶ್ವಾಸಕೋಶದ ಆಳದಲ್ಲಿ ಡೆಲ್ಟಾದಷ್ಟು ಬೆಳೆಯಲಿಲ್ಲ. 2021ರ ಮೇ ತಿಂಗಳಿನ ಆಮ್ಲಜನಕದ ಹಾಹಾಕಾರಕ್ಕೂ 2022ರ ಜನವರಿಯ ನೆಗಡಿಗೂ ನಾವು ಕಂಡ ವ್ಯತ್ಯಾಸದಲ್ಲಿ ಲಸಿಕೆಯ ಪಾಲು ದೊಡ್ಡದು. ವೈರಸ್ ಬಾಗಿಲು ಬದಲಿಸಿದ ಪಾಲೂ ಅದರಲ್ಲಿದೆ.

ಕೋಶ ಸುಮ್ಮನೆ ಕೂರುವುದಿಲ್ಲ. ವೈರಸ್ಸಿನ ಸುಳಿವು ಸಿಕ್ಕ ಕೂಡಲೇ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೊಟೀನನ್ನು ಹೊರಬಿಡುತ್ತದೆ. ಅದು ತಗುಲಿದ ನೆರೆಯ ಕೋಶಗಳಲ್ಲಿ ನೂರಾರು ರಕ್ಷಣಾ ವಂಶವಾಹಿಗಳ ತೂಬು ಒಮ್ಮೆಗೇ ಏಳುತ್ತದೆ. ಕೊರೊನಾ ಇದಕ್ಕೂ ಅಡ್ಡಗಾಲು ಹಾಕುತ್ತದೆ. ಅದರ ಎನ್‌ಎಸ್‌ಪಿ1 ಎಂಬ ಪ್ರೊಟೀನು ಕೋಶದ ಪ್ರೊಟೀನು ಕಾರ್ಖಾನೆಗೆ ಸಂದೇಶ ಒಳಹೋಗುವ ಸಂದಿಗೆ ಬಿರಡೆ ಇಟ್ಟ ಹಾಗೆ ಕುಳಿತುಕೊಳ್ಳುತ್ತದೆ. ಕೋಶದ ಸಂದೇಶಗಳು ಹೊರಗೆ ನಿಲ್ಲುತ್ತವೆ. ವೈರಸ್ಸಿನ ಸಂದೇಶಗಳ ತಲೆಯಲ್ಲಿ ಮಾತ್ರ ಆ ಬಿರಡೆಯನ್ನು ದಾಟುವ ಗುರುತು ಇರುತ್ತದೆ. ಇನ್ನೊಂದು ಪ್ರೊಟೀನು ಓಆರ್‌ಎಫ್6, ಎಚ್ಚರಿಕೆಯನ್ನು ಕೋಶಕೇಂದ್ರಕ್ಕೆ ಒಯ್ಯುವವರನ್ನು ಅದರ ಹೊಸ್ತಿಲಲ್ಲೇ ತಡೆಯುತ್ತದೆ.

ಇಂಟರ್‌ಫೆರಾನ್ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2020ರ ಒಂದು ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ಪ್ರಾಣಾಪಾಯದ ಸ್ಥಿತಿ ತಲುಪಿದ 987 ಕೋವಿಡ್ ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ಕೆಡಿಸುವ ಪ್ರತಿಕಾಯಗಳಿದ್ದವು. ಆ 101ರಲ್ಲಿ 95 ಮಂದಿ ಗಂಡಸರು. ಲಕ್ಷಣವಿಲ್ಲದೆಯೋ ಸೌಮ್ಯವಾಗಿಯೋ ಸೋಂಕು ದಾಟಿದ 663 ಜನರಲ್ಲಿ ಒಬ್ಬರಲ್ಲೂ ಅವು ಇರಲಿಲ್ಲ.

ಹಾಗಾದರೆ ಇಂಟರ್‌ಫೆರಾನನ್ನು ಚುಚ್ಚಿದರೆ ಆಯಿತಲ್ಲ? ಆಸ್ಪತ್ರೆಗೆ ದಾಖಲಾದವರಿಗೆ ಕೊಟ್ಟು ನೋಡಿದ ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಆದರೆ ಬ್ರೆಜಿಲ್ ಮತ್ತು ಕೆನಡಾದಲ್ಲಿ, ಲಕ್ಷಣ ಶುರುವಾಗಿ ಏಳು ದಿನದೊಳಗಿದ್ದವರಿಗೆ ಇನ್ನೊಂದು ಬಗೆಯ ಇಂಟರ್‌ಫೆರಾನನ್ನು ಒಂದೇ ಚುಚ್ಚುಮದ್ದಾಗಿ ಕೊಟ್ಟ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಆಸ್ಪತ್ರೆ ಸೇರುವ ಅಥವಾ ತುರ್ತು ವಿಭಾಗದಲ್ಲಿ ದೀರ್ಘ ಹೊತ್ತು ಉಳಿಯುವ ಪ್ರಮಾಣ ಶೇ 5.6ರಿಂದ ಶೇ 2.7ಕ್ಕೆ ಇಳಿದಿತ್ತು. ಬಗೆ ಬೇರೆ, ರೋಗಿಗಳೂ ಬೇರೆ, ಆದ್ದರಿಂದ ಎರಡನ್ನೂ ನೇರ ತಕ್ಕಡಿಗೆ ಹಾಕಲಾಗದು. ಆದರೂ ದಿನದ ಲೆಕ್ಕ ಎದ್ದು ಕಾಣುತ್ತದೆ.

ದಿನದ ಲೆಕ್ಕ ತಪ್ಪಿದ್ದಕ್ಕೆ ನಮ್ಮ ಕಡೆ ತೆತ್ತ ಬೆಲೆ ದೊಡ್ಡದು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಹೆಸರು ಎಲ್ಲರಿಗೂ ನೆನಪಿದೆ. ಅದು ವಂಶವಾಹಿಗಳ ತೂಬಿಗೇ ಕೈಹಾಕುವ ಔಷಧ. ಕೋಶದೊಳಗಿನ ಗ್ರಾಹಿಯೊಂದನ್ನು ಹಿಡಿದು, ಅದರೊಂದಿಗೆ ಕೋಶಕೇಂದ್ರಕ್ಕೆ ಹೋಗಿ, ಉರಿಯೂತ ಎಬ್ಬಿಸುವ ವಂಶವಾಹಿಗಳನ್ನು ತಗ್ಗಿಸುತ್ತದೆ. ರಿಕವರಿ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ಶೇ 41.4ರಿಂದ 29.3ಕ್ಕೆ, ಆಮ್ಲಜನಕ ಬೇಕಾದವರಲ್ಲಿ ಶೇ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕ ಬೇಕಿಲ್ಲದವರಲ್ಲಿ ಏನೂ ಲಾಭ ಸಿಗಲಿಲ್ಲ, ಅಂಕಿಗಳು ಹಾನಿಯ ಕಡೆಗೇ ವಾಲಿದ್ದವು. ಕಾರಣ ಸರಳ. ಮೊದಲ ವಾರದಲ್ಲಿ ವೈರಸ್ ಬೆಳೆಯುತ್ತಿರುತ್ತದೆ, ಆಗ ರಕ್ಷಣೆಯ ವಂಶವಾಹಿಗಳು ತೆರೆದಿರಬೇಕು. ಎರಡನೆಯ ವಾರದಲ್ಲಿ ಕೆಲವರಿಗೆ ಆ ರಕ್ಷಣೆಯೇ ಮಿತಿಮೀರಿ ಶ್ವಾಸಕೋಶವನ್ನು ಸುಡುತ್ತದೆ, ಆಗ ಮುಚ್ಚಬೇಕು. 2021ರ ಎರಡನೆಯ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರು ನನ್ನ ಪರಿಚಯದಲ್ಲೇ ಹಲವರಿದ್ದರು. ಚೀಟಿ ಕೈಯಿಂದ ಕೈಗೆ, ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿತ್ತು. ಸಕ್ಕರೆ ಕಾಯಿಲೆ ಇದ್ದವರ ರಕ್ತದ ಸಕ್ಕರೆ ಸ್ಟೀರಾಯ್ಡ್‌ನಿಂದ ಇನ್ನೂ ಏರಿತು, ರಕ್ಷಣೆ ಕುಗ್ಗಿತು. ಕಪ್ಪು ಶಿಲೀಂಧ್ರ ಎಂದು ನಾವು ಕರೆದ ಮ್ಯೂಕರ್ ಸೋಂಕು ಆ ಬಿರುಕಿನಲ್ಲಿ ನುಗ್ಗಿತು. ನನ್ನ ಸಹಪಾಠಿಯೊಬ್ಬನ ತಂದೆ ಒಂದು ಕಣ್ಣು ಕಳೆದುಕೊಂಡು ಮನೆಗೆ ಬಂದರು. ಔಷಧ ಕೆಟ್ಟದ್ದಾಗಿರಲಿಲ್ಲ. ಅದನ್ನು ಕೊಟ್ಟ ದಿನ ತಪ್ಪಾಗಿತ್ತು, ಸಕ್ಕರೆ ನೋಡಿಕೊಳ್ಳದೆ ಕೊಟ್ಟದ್ದು ಇನ್ನೂ ದೊಡ್ಡ ತಪ್ಪಾಗಿತ್ತು. ಇದನ್ನು ಬರೆಯುವಾಗ ಇಂದಿಗೂ ಸಿಟ್ಟು ಬರುತ್ತದೆ.

ದಕ್ಷಿಣ ಏಷ್ಯಾದವರಿಗೆ ಸಂಬಂಧಪಟ್ಟ ಇನ್ನೊಂದು ತೂಬಿನ ಮಾತಿದೆ. ಮೂರನೆಯ ವರ್ಣತಂತುವಿನ ಒಂದು ತುಂಡು ತೀವ್ರ ಕೋವಿಡ್‌ನ ಅಪಾಯ ಹೆಚ್ಚಿಸುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಅದು ಹತ್ತಾರು ಸಾವಿರ ವರ್ಷಗಳ ಹಿಂದೆ ನಿಯಾಂಡರ್ತಾಲ್ ಮಾನವರಿಂದ ನಮ್ಮ ಪೂರ್ವಜರಿಗೆ ಬಂದದ್ದು ಎಂದು ವಿಜ್ಞಾನಿಗಳಾದ ಹ್ಯೂಗೊ ಝೆಬರ್ಗ್ ಮತ್ತು ಸ್ವಾಂಟೆ ಪೇಬೊ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ, ಯುರೋಪಿನಲ್ಲಿ ಸುಮಾರು ಶೇ 16ರಷ್ಟು ಜನರಲ್ಲಿ ಅದಿದೆ. 2021ರಲ್ಲಿ ಆಕ್ಸ್‌ಫರ್ಡ್ ತಂಡ ಆ ತುಂಡಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಯತ್ತ ಬೆರಳು ಮಾಡಿತು. ಆ ಅಕ್ಷರ ಯಾವ ಪ್ರೊಟೀನಿನ ಭಾಗವೂ ಅಲ್ಲ. ಅದು ದೂರದಿಂದ ಕೆಲಸ ಮಾಡುವ ಒಂದು ತೂಬು, ಶ್ವಾಸಕೋಶದ ಒಳಪದರದ ಕೋಶಗಳಲ್ಲಿ ಎಲ್‌ಝಡ್‌ಟಿಎಫ್‌ಎಲ್1 ಎಂಬ ವಂಶವಾಹಿಯನ್ನು ಹೆಚ್ಚು ತೆರೆಯುತ್ತದೆ ಎಂಬುದು ಅವರ ವಾದ.

ಇದನ್ನು ಕೇಳಿ ಹಣೆಬರಹ ಎಂದು ಕೈಚೆಲ್ಲಬೇಕಾಗಿಲ್ಲ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ) ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದವರೂ ಸೇರಿದ್ದ ಸಂಶೋಧಕರ ತಂಡ 2021ರಲ್ಲಿ ದಕ್ಷಿಣ ಏಷ್ಯಾದ ಜನಸಮುದಾಯಗಳನ್ನು ನೋಡಿದಾಗ, ಈ ತುಂಡು ಎಷ್ಟು ಜನರಲ್ಲಿದೆ ಎಂಬುದಕ್ಕೂ ಅಲ್ಲಿನ ಸೋಂಕು ಮತ್ತು ಸಾವಿನ ಪ್ರಮಾಣಕ್ಕೂ ಹೊಂದಿಕೆ ಕಾಣಲಿಲ್ಲ. ವಯಸ್ಸು, ಸಕ್ಕರೆ, ಲಸಿಕೆ, ಹತ್ತಿರದಲ್ಲಿ ಆಮ್ಲಜನಕ ಇತ್ತೇ ಇಲ್ಲವೇ ಎಂಬುದೆಲ್ಲ ಆ ಒಂದು ಅಕ್ಷರದ ಮೇಲೆ ಕೂತು ಸವಾರಿ ಮಾಡುತ್ತವೆ. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆಗೆ ಘಾಟಿ ರಸ್ತೆಯಲ್ಲಿ ಹಿಡಿಯುವ ಹೊತ್ತು ಯಾವ ವಂಶವಾಹಿಯಲ್ಲೂ ಬರೆದಿಲ್ಲ.

ಈಗ ಚಿಕ್ಕಪ್ಪನ ಉಪವಾಸಕ್ಕೆ ಬರಬಹುದು. ವಂಶವಾಹಿಯ ತೂಬೂ ಕೋಶದ ಗೊಬ್ಬರಗುಂಡಿಯೂ ಒಂದು ಕಡೆ ಕೂಡುತ್ತವೆ. ಟಿಎಫ್‌ಇಬಿ ಎಂಬ ಪ್ರೊಟೀನು ಹೊಟ್ಟೆ ತುಂಬಿದಾಗ ಕೋಶಕೇಂದ್ರದ ಹೊರಗೆ ಸುಮ್ಮನಿರುತ್ತದೆ. ಆಹಾರ ತಪ್ಪಿದಾಗ ಒಳಗೆ ಹೋಗಿ ಲೈಸೋಸೋಮ್ ಮತ್ತು ಆಟೋಫೇಜಿಯ ವಂಶವಾಹಿಗಳನ್ನು ಸಾಲುಸಾಲಾಗಿ ತೆರೆಯುತ್ತದೆ. ಸಂದೇಶದ ಅರ್ಧ ನಿಜ ಇಲ್ಲಿಂದ ಬಂದದ್ದು. ಜರ್ಮನಿಯ ಒಂದು ತಂಡ 2021ರಲ್ಲಿ, ಕೋವಿಡ್ ವೈರಸ್ ಆಟೋಫೇಜಿಯನ್ನು ಕುಂಠಿತಗೊಳಿಸುತ್ತದೆ, ಸ್ಪರ್ಮಿಡಿನ್, ಲಾಡಿಹುಳುವಿನ ಔಷಧ ನಿಕ್ಲೋಸಮೈಡ್ ಮುಂತಾದವು ಅದನ್ನು ಮತ್ತೆ ಎಬ್ಬಿಸಿದಾಗ ವೈರಸ್ ಕಡಿಮೆಯಾಗುತ್ತದೆ ಎಂದು ಪ್ರಯೋಗಾಲಯದ ಕೋಶಗಳಲ್ಲಿ ತೋರಿಸಿತು. ಆದರೆ ವೀರೋ ಬಟ್ಟಲಿನ ಕಥೆಯನ್ನು ಈಗಷ್ಟೇ ನೋಡಿದ್ದೇವೆ. ನಿಕ್ಲೋಸಮೈಡ್ ಕೊಟ್ಟು ನೋಡಿದ ಸಣ್ಣ ಪ್ರಯೋಗವೊಂದರಲ್ಲಿ ರೋಗಿಗಳಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಎರಡು ದಿನದ ಉಪವಾಸ ಮೂಗಿನ, ಶ್ವಾಸಕೋಶದ ಕೋಶಗಳಲ್ಲಿ ಚೀಲ ನೇಯುವುದನ್ನು ಹೆಚ್ಚಿಸಿ ವೈರಸ್ಸಿಗೆ ನೆರವಾಗುತ್ತದೋ, ಕೊಳೆಸುವುದನ್ನು ಹೆಚ್ಚಿಸಿ ನಮಗೆ ನೆರವಾಗುತ್ತದೋ ಎಂಬುದನ್ನು ಮೊಬೈಲ್ ಸಂದೇಶ ತೀರ್ಮಾನಿಸಲಾರದು. ಕೊಂಡಿಯನ್ನೇ ಹಿಡಿದಿಟ್ಟುಕೊಂಡ ಓಆರ್‌ಎಫ್3ಎ ಒಳಗಿರುವಾಗ ಚೀಲ ಎಷ್ಟು ನೇಯ್ದರೂ ಅದು ಲೈಸೋಸೋಮ್ ತಲುಪಬೇಕಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಎಪ್ಪತ್ತು ದಾಟಿದವರು ಜ್ವರದಲ್ಲಿ ಎರಡು ದಿನ ನಿರಾಹಾರ ಇದ್ದರೆ ಏನಾಗುತ್ತದೆ ಎಂಬುದು ಮಾತ್ರ ಖಚಿತವಾಗಿ ಗೊತ್ತಿರುವ ವಿಷಯ. ಸಕ್ಕರೆ ಥಟ್ಟನೆ ಕುಸಿದು ಪ್ರಜ್ಞೆ ತಪ್ಪಬಹುದು, ಮೈಯ ನೀರು ಆರಿಹೋಗಬಹುದು. ಅದನ್ನೇ ಚಿಕ್ಕಪ್ಪನಿಗೆ ಹೇಳಿದೆ. ಏಕಾದಶಿ ಬಿಡುವುದಿಲ್ಲ ಎಂದರು. ಡಾಕ್ಟರನ್ನು ಕೇಳಿ ಆ ದಿನದ ಮಾತ್ರೆ ಎಷ್ಟು ಎಂದು ಬರೆಸಿಕೊಂಡು ಬನ್ನಿ, ಜ್ವರವಿದ್ದರೆ ಮಾತ್ರ ಗಂಜಿ ಬಿಡಬೇಡಿ ಎಂದೆ. ಒಪ್ಪಿಕೊಂಡರು. ಆಮೇಲೆ ಮತ್ತೆ ಗುಂಡಿಗೆ ಇಳಿದರು. ಮತ್ತೆ ಮಳೆ ಹಿಡಿಯುವ ಮೊದಲು ಇನ್ನೂ ಒಂದು ಪದರ ಅಗೆಯುವುದಿತ್ತು, ಕೋಳಿಗಳು ಅಂಚಿನಲ್ಲಿ ಕಾಯುತ್ತಿದ್ದವು.